ಹಾಸು ಎತ್ತಿದರೆ ಸಾಕು, ನೆಲ ಅಲ್ಲಿಯೇ ಇದೆ

ಮನೆಯೊಂದರಲ್ಲಿ ಮನುಷ್ಯನ ದೇಹಕ್ಕೆ ಹಗಲಿರುಳೂ ತಾಗಿಕೊಂಡಿರುವ ಭಾಗವೆಂದರೆ ನೆಲ. ಮಗು ಅಂಬೆಗಾಲಿಡುವುದು ಅದರ ಮೇಲೆ, ಪಂಕ್ತಿಯ ಊಟ ಅದರ ಮೇಲೆ, ಬೇಸಿಗೆಯ ಮಧ್ಯಾಹ್ನದ ನಿದ್ದೆಯೂ ಅದರ ಮೇಲೆಯೇ. ಆದರೂ ಮನೆ ಕಟ್ಟುವವರ ಪರಿಸರ ಚಿಂತನೆಯು ಮಳೆನೀರು ಕೊಯ್ಲು, ಸೌರಫಲಕ, ಗೋಬರ್ ಅನಿಲಗಳವರೆಗೆ ಬಂದು ನಿಲ್ಲುತ್ತದೆಯೇ ಹೊರತು ಕಾಲ ಕೆಳಗಿನ ನೆಲದವರೆಗೆ ಇಳಿದುಬರುವುದು ಅಪರೂಪ. ನೆಲವನ್ನು ಆರಿಸುವ ಕೆಲಸ ಅಂಗಡಿಯವನ ಮಾದರಿ ಪುಸ್ತಕಕ್ಕೆ ಬಿಟ್ಟ ವಿಷಯವಾಗಿದೆ.

ಆ ಮಾದರಿ ಪುಸ್ತಕದಲ್ಲಿ ಈಗ ಮೊದಲ ಪುಟಕ್ಕೆ ಬಂದಿರುವುದು ‘ಎಂಜಿನಿಯರ್ಡ್ ಹಾರ್ಡ್‌ವುಡ್’ ಎಂಬ ಹೆಸರಿನ ಪದರು ಹಲಗೆ. ಹಳೆಯ ಕಾರ್ಪೆಟ್ಟಿನಲ್ಲಿ ಧೂಳು ಕೂರುತ್ತದೆ, ಅದನ್ನು ಕಿತ್ತು ಮರದ ನೆಲ ಹಾಕಿಸಿಕೊಳ್ಳಿ, ಆರೋಗ್ಯಕ್ಕೂ ಒಳ್ಳೆಯದು, ಪರಿಸರಕ್ಕೂ ಒಳ್ಳೆಯದು ಎಂಬುದು ಅದರ ಪ್ರಚಾರ. ಇದು ಬೆಂಗಳೂರಿನ ಬಹುಮಹಡಿ ಮನೆಗಳಿಗೆ ಮಾತ್ರ ಸೇರಿದ ಮಾತಾಗಿ ಉಳಿದಿಲ್ಲ. ರಾಜ್ಯದ ಉತ್ತರ ತುದಿಯ ಬೀದರ್ ನಗರಕ್ಕೆ ಅಂಟಿಕೊಂಡಿರುವ ಚಿದ್ರಿಯಂಥ ಜಾಗದಲ್ಲಿ ಮನೆ ಕಟ್ಟುವವರಿಗೂ, ಭಾಲ್ಕಿ, ಔರಾದಗಳ ಹೊಸ ಕಲ್ಯಾಣ ಮಂಟಪಗಳಿಗೂ ಇದೇ ಜಾಹೀರಾತು ತಲುಪುತ್ತದೆ. ಆದ್ದರಿಂದ ಈ ಬದಲಾವಣೆಯ ನಿಜವಾದ ವೆಚ್ಚವೆಷ್ಟು, ಅದನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಚಿದ್ರಿಯ ಒಂದು ಕೋಣೆಯನ್ನು ಮುಂದಿಟ್ಟುಕೊಂಡೇ ಕೇಳುವುದು ಉಚಿತ. ಬೀದರ್ ಮಲೆನಾಡಲ್ಲ, ನಿಜ. ಆದರೆ ಅಲ್ಲಿ ಹಾಸುವ ಹಲಗೆಯ ಬೇರನ್ನು ಹುಡುಕುತ್ತ ಹೋದರೆ ಅದು ಮಲೆನಾಡಿನ ಕಾಡಿನ ಅಂಚಿಗೇ ಬಂದು ಮುಟ್ಟುತ್ತದೆ.

ಇದು ಯಾವ ನಾಡಿನ ಪ್ರಶ್ನೆ?

ಗೋಡೆಯಿಂದ ಗೋಡೆಯವರೆಗೆ ಕಾರ್ಪೆಟ್ ಅಂಟಿಸುವ ಪದ್ಧತಿ ಸಾಮಾನ್ಯ ಮನೆಗಳಿಗೆ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ, ಮುಖ್ಯವಾಗಿ ಅಮೆರಿಕದಲ್ಲಿ. ಜಾರ್ಜಿಯಾ ರಾಜ್ಯದ ಡಾಲ್ಟನ್ ಪಟ್ಟಣದ ಯಂತ್ರಗಳು ನೈಲಾನ್ ಮತ್ತಿತರ ಕೃತಕ ನೂಲಿನಿಂದ ಅಗ್ಗದ ಕಾರ್ಪೆಟ್ಟನ್ನು ರಾಶಿ ರಾಶಿಯಾಗಿ ತಯಾರಿಸತೊಡಗಿದವು. ಅಲ್ಲಿನ ಮನೆಗಳ ನೆಲ ಹಲವೆಡೆ ಒರಟು ಪ್ಲೈವುಡ್ ಅಥವಾ ಬರಿಯ ಕಾಂಕ್ರೀಟ್. ಅದರ ಮೇಲೆ ನಡೆಯುವುದು ಕಷ್ಟ, ಚಳಿಗಾಲದಲ್ಲಿ ಕಾಲಿಡುವುದು ಇನ್ನೂ ಕಷ್ಟ. ಹೀಗಾಗಿ ಅಲ್ಲಿ ಕಾರ್ಪೆಟ್ಟೇ ನೆಲ. ಅದನ್ನು ಕಿತ್ತರೆ ಬೇರೊಂದನ್ನು ಹಾಸಲೇಬೇಕು. ಹತ್ತಾರು ವರ್ಷಗಳಲ್ಲಿ ಸವೆದುಹೋಗುವ ಕಾರ್ಪೆಟ್ಟಿನ ಬದಲಿಗೆ ಬಹುಕಾಲ ಬಾಳುವ ಮರದ ನೆಲ ಲಾಭಕರವೇ ಎಂದು ಅಲ್ಲಿನ ಗೃಹಸ್ಥ ಲೆಕ್ಕ ಹಾಕುವುದು ಸಹಜ.

ಕಿತ್ತ ಕಾರ್ಪೆಟ್ಟಿನ ಗತಿಯೇನು ಎಂಬುದೂ ಅಲ್ಲಿ ದೊಡ್ಡ ಸಮಸ್ಯೆ. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಎಳೆ, ಅದರ ಬೆನ್ನಿಗೆ ಕೃತಕ ರಬ್ಬರಿನ ಲೇಪ. ಈ ಎರಡನ್ನು ಬೇರ್ಪಡಿಸುವುದು ಸುಲಭವಲ್ಲವಾದ್ದರಿಂದ ಅದರ ಬಹುಪಾಲು ಕಸದ ಗುಂಡಿ ಸೇರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಿ, ಹಳೆಯ ಕಾರ್ಪೆಟ್ಟಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಬೇಕಾಯಿತು.

ಬೀದರಿನ ಸ್ಥಿತಿ ಬೇರೆ. ಇಲ್ಲಿ ಕಾರ್ಪೆಟ್ ಎಂದೂ ನೆಲವಾಗಿರಲಿಲ್ಲ. ಅದು ನೆಲದ ಮೇಲಿನ ಹಾಸು ಮಾತ್ರ. ಜಮಖಾನೆ, ಕಂಬಳಿ, ಚಾಪೆ, ಕೌದಿ ಎಲ್ಲವೂ ಹಾಸಿ ಮಡಿಸಿ ಎತ್ತಿಡುವ ವಸ್ತುಗಳು. ಅವುಗಳ ಕೆಳಗೆ ಇರುವುದು ಪೂರ್ಣಗೊಂಡ ನೆಲ: ಹಳೆಯ ಮನೆಯಾದರೆ ಸಗಣಿ ಸಾರಿಸಿದ ಮಣ್ಣು ಅಥವಾ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಇಲ್ಲವೇ ನೆರೆಯ ತೆಲಂಗಾಣದ ತಾಂಡೂರಿನ ಕಲ್ಲು; ಹೊಸ ಮನೆಯಾದರೆ ಗ್ರಾನೈಟ್ ಅಥವಾ ಟೈಲ್ಸ್. ಅಂಟಿಸಿದ ಕಾರ್ಪೆಟ್ ಇರುವ ಕಚೇರಿ, ಸಭಾಭವನಗಳಲ್ಲಿಯೂ ಬಹುತೇಕ ಇದೇ ಸ್ಥಿತಿ. ಎಂದರೆ ಕಾರ್ಪೆಟ್ಟನ್ನು ತೆಗೆದುಹಾಕುವ ತೀರ್ಮಾನಕ್ಕೂ ಮರದ ನೆಲವನ್ನು ಕೊಳ್ಳುವ ತೀರ್ಮಾನಕ್ಕೂ ಇಲ್ಲಿ ಯಾವ ಅನಿವಾರ್ಯ ಸಂಬಂಧವೂ ಇಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೂ ಕೋಣೆಗೆ ನೆಲ ಇದ್ದೇ ಇರುತ್ತದೆ. ಪರನಾಡಿನ ಪ್ರಶ್ನೆಯನ್ನು ಇಲ್ಲಿಗೆ ತಂದವರು ಅದರ ಉತ್ತರವನ್ನೂ ಜೊತೆಯಲ್ಲೇ ಮಾರುತ್ತಿದ್ದಾರೆ.

ಹಲಗೆಯ ಒಳಗೇನಿದೆ?

ಪದರು ಹಲಗೆ ಎಂದರೇನೆಂದು ತಿಳಿದರೆ ಉಳಿದದ್ದು ಸ್ಪಷ್ಟವಾಗುತ್ತದೆ. ಅದು ಪೂರ್ತಿ ಮರವೂ ಅಲ್ಲ, ಮರದ ಚಿತ್ರ ಅಂಟಿಸಿದ ಲ್ಯಾಮಿನೇಟ್ ಹಲಗೆಯೂ ಅಲ್ಲ. ಅದರ ಮೇಲ್ಪದರ ಸಾಗುವಾನಿ, ಓಕ್ ಮುಂತಾದ ನಿಜವಾದ ಗಟ್ಟಿ ಮರದ್ದು. ಈ ಪದರದ ದಪ್ಪ ಅಗ್ಗದ ಸರಕಿನಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ, ಉತ್ತಮ ಸರಕಿನಲ್ಲಿ ಮೂರರಿಂದ ಆರು ಮಿಲಿಮೀಟರ್. ಅದರ ಕೆಳಗೆ ಅಡ್ಡ-ಉದ್ದವಾಗಿ ಜೋಡಿಸಿ ಅಂಟಿಸಿದ ಪ್ಲೈವುಡ್ ಅಥವಾ ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆ. ಒಟ್ಟು ದಪ್ಪ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಮಿಲಿಮೀಟರ್.

ಇದರಲ್ಲಿ ಒಂದು ಒಳ್ಳೆಯ ಗುಣವಿದೆ, ಅದನ್ನು ಮರೆಮಾಚಬೇಕಿಲ್ಲ. ಹದಿನೆಂಟು ಮಿಲಿಮೀಟರ್ ದಪ್ಪದ ಪೂರ್ತಿ ಸಾಗುವಾನಿ ಹಲಗೆಗೆ ಬೇಕಾಗುವ ಮರದಲ್ಲಿ ಇಂಥ ಹಲವಾರು ಹಲಗೆಗಳಿಗೆ ಮೇಲ್ಪದರ ಸಿಗುತ್ತದೆ. ನೂರು ವರ್ಷದ ಮರದ ಮೇಲಿನ ಒತ್ತಡ ಆ ಮಟ್ಟಿಗೆ ಕಡಿಮೆ. ಅಡ್ಡ-ಉದ್ದ ಜೋಡಣೆಯಿಂದಾಗಿ ಹವೆಯ ತೇವಕ್ಕೆ ಉಬ್ಬಿ ಕುಗ್ಗುವ ಗುಣವೂ ಪೂರ್ತಿ ಮರಕ್ಕಿಂತ ಕಡಿಮೆ.

ಆದರೆ ಇದರ ಬಾಳಿಕೆ ಇರುವುದು ಮೇಲ್ಪದರದ ದಪ್ಪದಲ್ಲಿ. ಸವೆದ ನೆಲವನ್ನು ಉಜ್ಜಿ ಹೊಸದಾಗಿಸಬೇಕಾದರೆ ಉಜ್ಜಲು ಮರ ಇರಬೇಕು. ಮೂರು-ನಾಲ್ಕು ಮಿಲಿಮೀಟರ್ ಪದರವನ್ನು ಎರಡು-ಮೂರು ಬಾರಿ ಉಜ್ಜಬಹುದು. ಒಂದು ಮಿಲಿಮೀಟರಿಗೂ ಕಡಿಮೆಯಿರುವುದನ್ನು ಒಮ್ಮೆ ಉಜ್ಜಿದರೂ ಕೆಳಗಿನ ಪ್ಲೈವುಡ್ ಹಲ್ಲುಕಿರಿಯುತ್ತದೆ. ಬೆಲೆ ಕೇಳುವ ಗಿರಾಕಿಗೆ ಒಟ್ಟು ದಪ್ಪವನ್ನು ಹೇಳಲಾಗುತ್ತದೆ; ಮೇಲ್ಪದರದ ದಪ್ಪವನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಒಂದು ಕೋಣೆಯ ಲೆಕ್ಕ

ಚಿದ್ರಿಯಲ್ಲಿ ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಕೋಣೆಯೊಂದಿದೆ ಎಂದುಕೊಳ್ಳೋಣ. ವಿಸ್ತೀರ್ಣ 180 ಚದರ ಅಡಿ. ಕತ್ತರಿಸುವಾಗ ಹಾಳಾಗುವ ಹತ್ತನೇ ಒಂದು ಭಾಗ ಸೇರಿಸಿದರೆ ಕೊಳ್ಳಬೇಕಾದದ್ದು 198 ಚದರ ಅಡಿ. ಪದರು ಹಲಗೆಯ ಬೆಲೆ ಮರದ ಜಾತಿ, ಪದರದ ದಪ್ಪಗಳನ್ನು ಅನುಸರಿಸಿ ಬಹಳ ವ್ಯತ್ಯಾಸವಾಗುತ್ತದೆ. ಲೆಕ್ಕಕ್ಕಾಗಿ ಚದರ ಅಡಿಗೆ 400 ರೂಪಾಯಿ ಎಂದು ಹಿಡಿದರೆ ಹಲಗೆಗೇ 79,200 ರೂಪಾಯಿ. ಅಡಿಯಲ್ಲಿ ಹಾಸುವ ಮೆತ್ತೆ ಮತ್ತು ಕೂಲಿ ಎರಡೂ ಸೇರಿ ಚದರ ಅಡಿಗೆ 50 ರೂಪಾಯಿಯಂತೆ 9,000 ರೂಪಾಯಿ. ಬಾಗಿಲಿನ ಮೂರು ಅಡಿ ಬಿಟ್ಟು ಗೋಡೆಯ ಅಂಚಿನ 51 ಅಡಿ ಪಟ್ಟಿಗೆ ಅಡಿಗೆ 80 ರೂಪಾಯಿಯಂತೆ 4,080 ರೂಪಾಯಿ. ಒಟ್ಟು 92,280 ರೂಪಾಯಿ. ನೆಲ ಒಂದೂವರೆ ಸೆಂಟಿಮೀಟರಿನಷ್ಟು ಮೇಲೇರುವುದರಿಂದ ಬಾಗಿಲಿನ ಕೆಳಭಾಗವನ್ನು ಕೊಯ್ಯಬೇಕಾಗುತ್ತದೆ. ಅದರ ಖರ್ಚು ಬೇರೆ.

ಈ ಹಣವನ್ನು ನೆಲ ಬಾಳುವ ವರ್ಷಗಳಿಗೆ ಹಂಚಬೇಕು. ಇಪ್ಪತ್ತು ವರ್ಷ ಬಾಳಿದರೆ ವರ್ಷಕ್ಕೆ 4,614 ರೂಪಾಯಿ. ತೆಳು ಪದರದ ಹಲಗೆ ಹತ್ತೇ ವರ್ಷಕ್ಕೆ ಸೋತರೆ ಅದರ ಇಮ್ಮಡಿ, 9,228 ರೂಪಾಯಿ.

ಇನ್ನು ಎರಡನೆಯ ದಾರಿ. ಕಾರ್ಪೆಟ್ಟನ್ನು ಎತ್ತಿ, ಕೆಳಗಿನ ಶಹಾಬಾದ್ ಕಲ್ಲಿನ ಮೇಲಿನ ಅಂಟನ್ನು ಕೆರೆದು, ಸಂದುಗಳನ್ನು ತುಂಬಿಸಿ ಹೊಳಪು ಕೊಡಿಸುವುದು. ಚದರ ಅಡಿಗೆ 30 ರೂಪಾಯಿ ಎಂದು ಹಿಡಿದರೂ 5,400 ರೂಪಾಯಿ. ಐದು ವರ್ಷಕ್ಕೊಮ್ಮೆ ಈ ಕೆಲಸ ಮಾಡಿಸಿದರೂ ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಬಾರಿ, ಒಟ್ಟು 21,600 ರೂಪಾಯಿ. ವರ್ಷಕ್ಕೆ 1,080 ರೂಪಾಯಿ. ದರಗಳನ್ನು ಓದುಗರು ತಮ್ಮ ಊರಿನ ದರಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ಎರಡು ದಾರಿಗಳ ನಡುವಿನ ಅಂತರ ಸಣ್ಣ ಚೌಕಾಸಿಯಿಂದ ಮುಚ್ಚಿಹೋಗುವಂಥದ್ದಲ್ಲ.

ಬೀದರಿನ ಹವೆ, ಬೀದರಿನ ಕಲ್ಲು

ಹಣದ ಲೆಕ್ಕದಲ್ಲಿ ಸಿಗದ ಇನ್ನೊಂದು ವೆಚ್ಚ ಹವೆಗೆ ಸಂಬಂಧಿಸಿದ್ದು. ಬೀದರ್ ನಗರ ನಿಂತಿರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಲೆನಾಡಿನ ಜನ ಮನೆಗೋಡೆಗೆ ಬಳಸುವ ಅದೇ ಜಂಬಿಟ್ಟಿಗೆ; ಬೀದರಿನ ಕೋಟೆಯ ಕಂದಕವನ್ನು ಕಡಿದದ್ದೂ ಅದರಲ್ಲಿಯೇ. ಈ ಕಲ್ಲಿನ ಮೈತುಂಬ ರಂಧ್ರಗಳು. ಮಳೆಯ ನೀರನ್ನು ಹೀರಿ ಒಳಗೇ ಇಳಿಸುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ಝರಣಿ ನರಸಿಂಹ, ನಾನಕ್ ಝೀರಾಗಳಂಥ ಒರತೆಗಳು ಹುಟ್ಟಿರುವುದೂ, ಬಹಮನಿಯರ ಕಾಲದಲ್ಲಿ ನೌಬಾದಿನ ಕರೇಜ್ ಸುರಂಗವನ್ನು ತೋಡಲು ಸಾಧ್ಯವಾದದ್ದೂ ಈ ಗುಣದಿಂದಲೇ. ಅದೇ ಗುಣದಿಂದ, ಅಡಿಪಾಯದಲ್ಲಿ ತೇವ ತಡೆಯುವ ಪದರ ಹಾಕದ ಮನೆಗಳಲ್ಲಿ ಮಳೆಗಾಲದ ತೇವ ಮೇಲೇರುತ್ತದೆ. ಕಲ್ಲಿನ ನೆಲ ಆ ತೇವವನ್ನು ಸಂದುಗಳ ಮೂಲಕ ಬಿಟ್ಟು ಒಣಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೆತ್ತೆ, ಹಲಗೆ ಹಾಸಿದರೆ ತೇವ ಕೆಳಗೇ ಸಿಲುಕಿ ಬೂಷ್ಟು ಬೆಳೆಯುವುದಕ್ಕೂ ಗೆದ್ದಲು ನೆಲೆಸುವುದಕ್ಕೂ ಅನುಕೂಲ ಒದಗುತ್ತದೆ. ಗೆದ್ದಲನ್ನು ತಡೆಯಲು ಮತ್ತೆ ಕೀಟನಾಶಕ ಸುರಿಯಬೇಕು.

ಬೇಸಿಗೆಯಲ್ಲಿ ಬೀದರಿನ ತಾಪಮಾನ 40 ಡಿಗ್ರಿ ದಾಟುವುದುಂಟು. ಆಗ ಹವೆ ಒಣಗಿ ಮರ ಕುಗ್ಗುತ್ತದೆ, ಹಲಗೆಗಳ ನಡುವೆ ಬಿರುಕು ಕಾಣುತ್ತದೆ. ಆಗಸ್ಟಿನ ತೇವಕ್ಕೆ ಅವೇ ಉಬ್ಬುತ್ತವೆ. ಇದಕ್ಕಾಗಿ ಗೋಡೆಯಂಚಿನಲ್ಲಿ ಎಂಟು-ಹತ್ತು ಮಿಲಿಮೀಟರ್ ಜಾಗ ಬಿಡಬೇಕೆಂಬ ನಿಯಮವಿದ್ದರೂ ಅವಸರದ ಕೆಲಸದಲ್ಲಿ ಅದು ಮರೆತುಹೋಗುತ್ತದೆ. ಇದಕ್ಕಿಂತ ಮುಖ್ಯವಾದುದು ಶಾಖದ ವಿಚಾರ. ಸುಣ್ಣಕಲ್ಲು ಮರಕ್ಕಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲ್ಲಿನ ನೆಲದ ಮೇಲೆ ಮಲಗಿದವರ ಮೈಬಿಸಿಯನ್ನು ಅದು ಎಳೆದುಕೊಳ್ಳುವುದರಿಂದಲೇ ತಂಪೆನಿಸುವುದು. ಮರ ಆ ಬಿಸಿಯನ್ನು ತಡೆಯುತ್ತದೆ. ಹಿಮ ಬೀಳುವ ನಾಡಿನಲ್ಲಿ ವರವಾದ ಈ ಗುಣ ಬೀದರಿನಲ್ಲಿ ಶಾಪ. ತಂಪಾದ ನೆಲವನ್ನು ಮುಚ್ಚಿ, ಆಮೇಲೆ ತಂಪಿಗಾಗಿ ಹವಾನಿಯಂತ್ರಕ ಕೊಳ್ಳುವ ಮನೆಯ ವಿದ್ಯುತ್ ಬಿಲ್ಲಿನಲ್ಲಿ ನೆಲದ ಬಾಕಿಯೂ ಸೇರಿರುತ್ತದೆ.

ನೀರಿನ ರೂಢಿಯೂ ಹೀಗೆಯೇ. ಈ ನಾಡಿನ ಗೃಹಿಣಿ ನೆಲವನ್ನು ನೀರು ಹಾಕಿ ಒರೆಸುತ್ತಾಳೆ, ಹಬ್ಬದ ಮುನ್ನಾದಿನ ತೊಳೆಯುತ್ತಾಳೆ. ಪದರು ಹಲಗೆಗೆ ಚೆಲ್ಲಿದ ನೀರೇ ವೈರಿ. ಸಂದಿನಲ್ಲಿ ಇಳಿದ ನೀರು ಅಂಟನ್ನು ಸಡಿಲಿಸುತ್ತದೆ, ಅಂಚು ಮೇಲೆ ಬಾಗುತ್ತದೆ. ನೆಲಕ್ಕಾಗಿ ಜನ ತಮ್ಮ ರೂಢಿಯನ್ನು ಬಿಡಬೇಕೇ, ಜನರ ರೂಢಿಗೆ ತಕ್ಕ ನೆಲವನ್ನು ಉಳಿಸಿಕೊಳ್ಳಬೇಕೇ?

ಹಿಂದಿನವರಿಗೆ ಮರದ ಬೆಲೆ ತಿಳಿದಿತ್ತು. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳಿವೆ, ಬೋದಿಗೆಗಳಿವೆ. ಗೋಡೆಗೆ ಮುತ್ತಿನ ಚಿಪ್ಪಿನ ಕುಸುರಿಯಿದೆ. ಕಾಡು ವಿರಳವಾದ ಪ್ರದೇಶದಲ್ಲಿ ದೂರದಿಂದ ತಂದ ಮರವನ್ನು ಅರಮನೆಯವರೂ ಭಾರ ಹೊರುವ ಕಡೆ, ಕಣ್ಣಿಗೆ ಬೀಳುವ ಕಡೆ ಇಟ್ಟು ಶತಮಾನಗಳ ಕಾಲ ಬಾಳಿಸಿದರು.

ಮಲೆನಾಡು ತೆತ್ತ ಬೆಲೆ

ಈ ಹಲಗೆಯ ಹೊಟ್ಟೆಯಲ್ಲಿರುವ ಪ್ಲೈವುಡ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಎರಡು ಕಾಲಗಳ ಎರಡು ಉತ್ತರಗಳಿವೆ.

ಮೊದಲ ಕಾಲದಲ್ಲಿ ಅದು ನೇರವಾಗಿ ಕಾಡಿನಿಂದ ಬಂತು. ಉತ್ತರ ಕನ್ನಡವನ್ನು ಹಿಂದುಳಿದ ಜಿಲ್ಲೆಯೆಂದು ಕರೆದು, ದಾಂಡೇಲಿಯ ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆಗಳಿಗೆ ಸಹ್ಯಾದ್ರಿಯ ಮರ, ಬಿದಿರುಗಳನ್ನು ಒದಗಿಸಿದ ದಶಕಗಳವು. ಸುರುಳಿಯಾಗಿ ಸುಲಿಯಲು ಸುಲಭವಾದ ದಪ್ಪ ಕಾಂಡದ ಮೆದು ಮರಗಳು ಪ್ಲೈವುಡ್ಡಿಗೆ ಬೇಕು. ಹೀಗೆ ಹೋದ ಮರಗಳಲ್ಲಿ ಕಾಡುಮಾವೂ ಇತ್ತು. ಉಪ್ಪಿನಕಾಯಿಯ ಭರಣಿಗೆ ಮಿಡಿ ಕೊಡುತ್ತಿದ್ದ ಮರ ಮೇಜಿನ ಹಲಗೆಯಾಗಿ ಪಟ್ಟಣ ಸೇರಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಹಳ್ಳಿಗರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ನಿಂತದ್ದು ಈ ಹಿನ್ನೆಲೆಯಲ್ಲಿ. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಅಪ್ಪಿಕೋ ಚಳವಳಿ ತಡೆದ ಕೊಡಲಿಯ ಹಿಂದೆ ಪಟ್ಟಣಗಳ ಪೀಠೋಪಕರಣ, ಪೆಟ್ಟಿಗೆ, ಹಲಗೆಗಳ ಬೇಡಿಕೆಯಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಮರೆಯಬಾರದು.

ಎರಡನೆಯ ಕಾಲ ಆರಂಭವಾದದ್ದು 1988ರ ರಾಷ್ಟ್ರೀಯ ಅರಣ್ಯ ನೀತಿಯಿಂದ. ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ಸಹಜ ಕಾಡಿನಿಂದ ಪಡೆಯದೆ, ರೈತರ ಸಹಯೋಗದಲ್ಲಿ ಬೆಳೆಸಿಕೊಳ್ಳಬೇಕೆಂದು ಅದು ಹೇಳಿತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಮರದ ಮಿಲ್ಲುಗಳ ಮೇಲೆ ಕಟ್ಟುನಿಟ್ಟಿನ ಅಂಕುಶ ಹಾಕಿತು. ಅಂದಿನಿಂದ ಪ್ಲೈವುಡ್ಡಿನ ಹೊಟ್ಟೆ ತುಂಬುತ್ತಿರುವುದು ಉತ್ತರದ ಪಾಪ್ಲರ್, ಕೇರಳದ ರಬ್ಬರ್ ಮರ, ಕಾಫಿ ತೋಟಗಳ ಸಿಲ್ವರ್ ಓಕ್, ಬಯಲಿನ ನೀಲಗಿರಿ ಮತ್ತು ಹೆಬ್ಬೇವು.

ಇದು ಕಾಡಿಗೆ ಸಿಕ್ಕ ಬಿಡುಗಡೆಯೇ ಸರಿ. ಆದರೆ ಬೇಡಿಕೆ ಕರಗಿಲ್ಲ, ಸ್ಥಳ ಬದಲಾಯಿಸಿದೆ. ಕಾಫಿ ತೋಟದಲ್ಲಿ ಹಲಸು, ಅತ್ತಿ, ಮತ್ತಿಗಳ ನೆರಳಿದ್ದ ಕಡೆ ಸಿಲ್ವರ್ ಓಕ್ ಸಾಲುಗಳು ಬಂದವು. ನೆರಳು ಉಳಿಯಿತು, ಹಣ್ಣು ತಿನ್ನುವ ಹಕ್ಕಿಗೆ ಹಣ್ಣು ಉಳಿಯಲಿಲ್ಲ. ಬಯಲುಸೀಮೆಯಲ್ಲಿ ನೀಲಗಿರಿ ಅಂತರ್ಜಲದ ಮೇಲೆ ಬೀರಿದ ಪರಿಣಾಮ ಕಂಡು 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಬೇಕಾಯಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ ಮೇಲೂ ಅದರ ನೆಡುತೋಪುಗಳ ಗುತ್ತಿಗೆಯನ್ನು 2020ರಲ್ಲಿ ಮತ್ತೆ 40 ವರ್ಷಗಳಿಗೆ ವಿಸ್ತರಿಸಿದಾಗ ಶಿವಮೊಗ್ಗದ ಹಳ್ಳಿಗಳು ಅಕೇಶಿಯಾ ಬೇಡವೆಂದು ದನಿಯೆತ್ತಿದವು. ಕಾಗದವಿರಲಿ, ಒತ್ತು ಹಲಗೆಯಿರಲಿ, ಅಗ್ಗದ ನಾರು ಬೇಡುವ ಉದ್ಯಮಗಳಿಗೆಲ್ಲ ಬೇಕಾದದ್ದು ಏಕಜಾತಿಯ ತೋಪು. ಮೇಲ್ಪದರದ ಸಾಗುವಾನಿ, ಓಕ್‌ಗಳಂತೂ ಬಹುಮಟ್ಟಿಗೆ ಹಡಗೇರಿ ಬರುತ್ತವೆ. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಅಲ್ಲಿನ ಕಾಡು ಬರಿದಾಗುತ್ತಿದ್ದುದು ಅದಕ್ಕೆ ಕಾರಣಗಳಲ್ಲೊಂದು.

ಔರಾದಿನ ಯೂರಿಯಾ ಚೀಲ

ಇನ್ನೊಂದು ವೆಚ್ಚ ರೈತನ ಚೀಲದಿಂದ ಹೋಗುತ್ತದೆ. ಪ್ಲೈವುಡ್ಡಿನ ಪದರಗಳನ್ನು ಹಿಡಿದಿಡುವ ಅಂಟುಗಳಲ್ಲಿ ಅಗ್ಗವಾದದ್ದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು. ಕೈಗಾರಿಕೆಗಳು ಇದಕ್ಕೆ ಮುಕ್ತ ಮಾರುಕಟ್ಟೆಯ ದರದಲ್ಲಿ ಯೂರಿಯಾ ಕೊಳ್ಳಬೇಕು. ರೈತನಿಗಾದರೆ 45 ಕಿಲೋ ಚೀಲದ ನಿಗದಿತ ಬೆಲೆ, ತೆರಿಗೆ ಮತ್ತು ಲೇಪದ ವೆಚ್ಚ ಬಿಟ್ಟು, 242 ರೂಪಾಯಿ. ಉಳಿದದ್ದನ್ನು ಸರ್ಕಾರ ಭರಿಸುತ್ತದೆ. ಬೆಲೆಯ ಈ ಅಂತರವೇ ಕಳ್ಳದಾರಿಯನ್ನು ತೆರೆಯುತ್ತದೆ. ಸಹಾಯಧನದ ಯೂರಿಯಾ ಪ್ಲೈವುಡ್ ಮತ್ತಿತರ ಕೈಗಾರಿಕೆಗಳಿಗೆ ಸೋರಿಹೋಗುವುದು ದೇಶದಲ್ಲಿ ಹಳೆಯ ರೋಗ. 2015ರಲ್ಲಿ ಎಲ್ಲ ಕೃಷಿ ಯೂರಿಯಾಕ್ಕೂ ಬೇವಿನ ಲೇಪ ಕಡ್ಡಾಯವಾದದ್ದರ ಉದ್ದೇಶಗಳಲ್ಲಿ ಈ ಸೋರಿಕೆಯನ್ನು ತಡೆಯುವುದೂ ಒಂದು. ಮುಂಗಾರಿನ ಬೆಳೆ ಎದ್ದು ನಿಂತಾಗ ಔರಾದಿನ ರೈತ ಒಂದು ಚೀಲಕ್ಕಾಗಿ ಸಾಲಿನಲ್ಲಿ ನಿಲ್ಲುವಾಗ, ನಗರದ ನೆಲಕ್ಕೂ ತನ್ನ ಹೊಲಕ್ಕೂ ಇರುವ ಈ ನಂಟು ಅವನಿಗೆ ಕಾಣುವುದಿಲ್ಲ.

ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಕೋಣೆಯ ಗಾಳಿಗೆ ಬಿಡುಗಡೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕಡಿಮೆ ಅನಿಲ ಬಿಡುವ ದರ್ಜೆಯ ಹಲಗೆಗಳು ಮಾರುಕಟ್ಟೆಯಲ್ಲಿವೆ. ಆದರೆ ದರ್ಜೆಯನ್ನು ಕೇಳಿ ಕೊಳ್ಳುವವರು ಬೇಕು. ಕಾರ್ಪೆಟ್ಟಿನ ಧೂಳಿಗೆ ಹೆದರಿ ಅದನ್ನು ತೆಗೆದವರು ಮೂಗಿಗೆ ಕಾಣದ ಇನ್ನೊಂದನ್ನು ತಂದು ಹಾಸಿಕೊಂಡರೆ ಆರೋಗ್ಯದ ವಾದ ಎಲ್ಲಿ ಉಳಿಯಿತು?

ಕೇಳಿಬರುವ ಆಕ್ಷೇಪಗಳು

ಮರ ಬೆಳೆಸಿದ ರೈತನಿಗೆ ಆದಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಲ್ಲಿ ಆರಂಭವಾದಂದಿನಿಂದ ಬದುಗಳಲ್ಲಿ ಮರ ಬೆಳೆಸಿದ ರೈತರಿಗೆ ಅದರಿಂದ ನೆರವಾಗಿದೆ. ಬದುವಿನ ಮರ ಮಣ್ಣಿಗೂ ಒಳ್ಳೆಯದು. ಆದರೆ ತೊಗರಿಯ ಹೊಲವನ್ನೇ ಹೆಬ್ಬೇವಿನ ತೋಪಾಗಿಸಿ ಏಳೆಂಟು ವರ್ಷ ಕಾದ ರೈತ ದಿಮ್ಮಿಯನ್ನು ಟನ್ ಲೆಕ್ಕದಲ್ಲಿ ಕೆಲವು ಸಾವಿರ ರೂಪಾಯಿಗೆ ಮಾರುತ್ತಾನೆ. ಅದೇ ಮರ ತೆಳು ಹಾಳೆಯಾಗಿ, ಹಲಗೆಯಾಗಿ ಚದರ ಅಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬೆಲೆ ನಿರ್ಧರಿಸುವವನು ರೈತನಲ್ಲ. ಮರವನ್ನು ಬದುವಿನಲ್ಲಿ, ಬೆಳೆಯ ಜೊತೆಯಲ್ಲಿ ಬೆಳೆಸುವವರೆಗೆ ಅದು ಉಳಿತಾಯ. ಹೊಲವನ್ನೇ ಅದಕ್ಕೊಪ್ಪಿಸಿದರೆ ಜೂಜು.

ಕಲ್ಲು ತೆಗೆಯುವುದೂ ಪರಿಸರಕ್ಕೆ ಹಾನಿಯಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹೌದು. ಶಹಾಬಾದ್ ಸುತ್ತಲಿನ ಬಿಟ್ಟುಹೋದ ಗಣಿಗುಂಡಿಗಳೂ, ಧೂಳು ಕುಡಿಯುವ ಕಾರ್ಮಿಕರೂ ಆ ಕಲ್ಲಿನ ಬೆಲೆಯ ಭಾಗವೇ. ಅದಕ್ಕಾಗಿಯೇ ಈಗಾಗಲೇ ಹಾಸಿರುವ ಕಲ್ಲನ್ನು ಮುಚ್ಚಿಹಾಕದೆ ಬಳಸಬೇಕು. ಭೂಮಿ ಒಮ್ಮೆ ಆ ಬೆಲೆಯನ್ನು ತೆತ್ತಿದೆ. ಅದರ ಮೇಲೆ ಇನ್ನೊಂದು ನೆಲ ಹೊದಿಸಿದರೆ ಒಂದೇ ಕೋಣೆಗೆ ಎರಡು ಬಾರಿ ತೆತ್ತಂತೆ.

ಕಲ್ಲು ವಯಸ್ಸಾದವರ ಮೊಣಕಾಲಿಗೆ, ಚಳಿಗಾಲದ ಮುಂಜಾವಿಗೆ ತಣ್ಣಗಲ್ಲವೇ ಎಂಬುದು ಮೂರನೆಯದು. ಅದಕ್ಕೆ ಉತ್ತರ ಈ ನಾಡಿನಲ್ಲಿ ಮೊದಲಿನಿಂದ ಇದೆ. ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನೇಯುವ ಹತ್ತಿಯ ಜಮಖಾನೆ ಭೌಗೋಳಿಕ ಸೂಚಿಯ ಮನ್ನಣೆ ಪಡೆದಿದೆ. ನೇಯುವ ಮನೆಗಳು ಕೈಬೆರಳೆಣಿಕೆಗೆ ಇಳಿದಿವೆ. ದಖನಿ ಕುರಿಯ ಒರಟು ಉಣ್ಣೆಗೆ ಕೊಳ್ಳುವವರಿಲ್ಲದೆ, ಕುರಿಗಾರರು ಮಾಂಸಕ್ಕಾಗಿ ಉಣ್ಣೆಯಿಲ್ಲದ ತಳಿಗಳತ್ತ ಹೊರಳುತ್ತಿದ್ದಾರೆ. ಆ ಉಣ್ಣೆಯ ಕಂಬಳಿ ಚಳಿಗಾಲದ ನಾಲ್ಕು ತಿಂಗಳು ನೆಲದ ಮೇಲಿದ್ದು, ಬೇಸಿಗೆಗೆ ಬಿಸಿಲು ಕಂಡು ಪೆಟ್ಟಿಗೆ ಸೇರುತ್ತದೆ. ಕೊಡವಿ ಒಣಗಿಸುವ ಹಾಸಿನಲ್ಲಿ ಅಂಟಿಸಿದ ಕಾರ್ಪೆಟ್ಟಿನಂತೆ ವರ್ಷಗಟ್ಟಲೆ ಧೂಳು ಕೂರುವುದಿಲ್ಲ. ಸವೆದಾಗ ಅದು ಮಣ್ಣಿಗೇ ಮರಳುತ್ತದೆ.

ಮಾಡಬೇಕಾದದ್ದು

ಅಂಟಿಸಿದ ಕಾರ್ಪೆಟ್ ಇರುವ ಮನೆ, ಕಚೇರಿ, ಸಭಾಭವನದವರು ಮೊದಲು ಒಂದು ಮೂಲೆಯನ್ನು ಎತ್ತಿ ಕೆಳಗೇನಿದೆ ಎಂದು ನೋಡಬೇಕು. ಕಲ್ಲು ಅಥವಾ ಟೈಲ್ಸ್ ಇದ್ದರೆ ಹೊಸ ನೆಲದ ಪ್ರಶ್ನೆಯೇ ಏಳದು. ಶಹಾಬಾದ್ ಕಲ್ಲು ಸುಣ್ಣದ ಜಾತಿಯದು. ಆಸಿಡ್ ಹಾಕಿ ತೊಳೆಯಬಾರದು, ನಿಂಬೆ-ಹುಣಸೆಯ ರಸ ಬಿದ್ದರೆ ಕೂಡಲೇ ಒರೆಸಬೇಕು, ಸಾಬೂನಿನ ನೀರು ಸಾಕು. ಕಿತ್ತ ಕಾರ್ಪೆಟ್ಟನ್ನು ಸುಡಬಾರದು. ಅದರ ಹೊಗೆ ವಿಷ. ನೂಲು ಹಾಳಾಗದ ತುಂಡುಗಳನ್ನು ವಾಹನದೊಳಗೆ, ಉಗ್ರಾಣದ ಮೂಟೆಗಳ ಕೆಳಗೆ ಬಳಸಿ ಅದರ ಆಯುಷ್ಯವನ್ನು ಹಿಗ್ಗಿಸಬಹುದು.

ಮರದ ನೆಲವೇ ಬೇಕೆನ್ನುವವರು ಮಲೆನಾಡಿನ ಹಳೆಯ ಮನೆಗಳ ಮೆತ್ತಿಯನ್ನು ನೆನೆಯಬೇಕು. ಮತ್ತಿ, ಹೊನ್ನೆ, ಹಲಸಿನ ದಪ್ಪ ಹಲಗೆಗಳು ಮೂರು ತಲೆಮಾರಿನ ಕಾಲ್ತುಳಿತ ತಿಂದೂ ಗಟ್ಟಿಯಾಗಿವೆ. ಇಂಥ ಮನೆಗಳು ಕೆಡವಲ್ಪಟ್ಟಾಗ ಅವು ಸೌದೆಯ ಬೆಲೆಗೆ ಹೋಗುವ ಬದಲು ಇನ್ನೊಂದು ಮನೆಯ ನೆಲವಾಗಲಿ. ಹೊಸ ಪದರು ಹಲಗೆಯನ್ನೇ ಕೊಳ್ಳುವುದಾದರೆ ಅಂಗಡಿಯವನಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಲಿ: ಮೇಲ್ಪದರ ಎಷ್ಟು ಮಿಲಿಮೀಟರ್? ಆ ಮರ ಯಾವ ದೇಶದ ಯಾವ ಕಾಡಿನದು? ಒಳಗಿನ ಪ್ಲೈವುಡ್ ಯಾವ ಮರದ್ದು? ಅಂಟು ಯಾವುದು, ಅನಿಲದ ದರ್ಜೆ ಯಾವುದು? ನಾಲ್ಕಕ್ಕೂ ಬರಹದಲ್ಲಿ ಉತ್ತರ ಸಿಗದಿದ್ದರೆ ಹಣವನ್ನು ಕಿಸೆಯಲ್ಲೇ ಉಳಿಸಿಕೊಳ್ಳುವುದು ಲೇಸು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ತಮ್ಮ ಊರಿನ ಹತ್ತು ಮನೆಗಳ ನೆಲ ಯಾವುದು, ಯಾವ ವರ್ಷ ಹಾಕಿದ್ದು, ಎಲ್ಲಿಂದ ಬಂತು, ಎಷ್ಟು ಬಾರಿ ಬದಲಾಯಿತು ಎಂದು ಬರೆದಿಟ್ಟರೆ ಊರಿನ ಪರಿಸರದ ಚರಿತ್ರೆಯ ಒಂದು ಅಧ್ಯಾಯವೇ ಸಿದ್ಧವಾಗುತ್ತದೆ. ಹಾಗೆಯೇ ಸರ್ಕಾರಿ ಕಚೇರಿ, ಅತಿಥಿಗೃಹಗಳ ನವೀಕರಣದಲ್ಲಿ ಗಟ್ಟಿಯಾಗಿರುವ ಕಲ್ಲಿನ ನೆಲದ ಮೇಲೆ ಮತ್ತೊಂದು ನೆಲ ಹೊದಿಸುವುದಕ್ಕೆ ಸಾರ್ವಜನಿಕ ಹಣ ವ್ಯಯವಾಗುತ್ತಿದ್ದರೆ, ಅದನ್ನು ಮಾಹಿತಿ ಹಕ್ಕಿನಡಿ ಕೇಳಿ ತಿಳಿಯುವ ಅಧಿಕಾರ ಪ್ರತಿಯೊಬ್ಬ ನಾಗರಿಕನಿಗೂ 2005ರಿಂದ ಇದೆ.

ಬೇಡಿಕೆ ಇರುವವರೆಗೆ ಕೊಡಲಿಗೆ ಬಿಡುವಿಲ್ಲ. ಕಾಡಿನಂಚಿನಲ್ಲಿ ನಿಂತು ಮರವನ್ನು ಅಪ್ಪಿಕೊಳ್ಳುವುದು ಮಲೆನಾಡಿನವರ ಪಾಲಿಗೆ ಬಂದ ಕರ್ತವ್ಯವಾದರೆ, ಬಯಲಿನ ಮನೆಯಲ್ಲಿ ಕುಳಿತು ಬೇಡದ ಹಲಗೆಯನ್ನು ಬೇಡವೆನ್ನುವುದು ಬೀದರ್, ಭಾಲ್ಕಿ, ಔರಾದಗಳವರಿಗೂ ಸಾಧ್ಯವಾದ ಕರ್ತವ್ಯ. ಅದಕ್ಕೆ ಖರ್ಚಿಲ್ಲ; ಹಾಸನ್ನು ಎತ್ತಿ, ನೆಲವನ್ನೊಮ್ಮೆ ಒರೆಸಿದರಾಯಿತು.